ಅವರ ಮಾತು ಎಲ್ಲಿ?

ನಿವೃತ್ತಿಯ ನಂತರ ನನಗೆ ದೊರೆತಿರುವ ಸುಖಗಳಲ್ಲಿ ಬೆಳಗಿನ ವೃತ್ತಪತ್ರಿಕೆಯನ್ನು ನಿಧಾನವಾಗಿ ಓದುವುದೂ ಒಂದು. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ ಓಡುತ್ತಿದ್ದೆ. ಈಗ ಮೊದಲ ಪುಟದ ಮೊದಲ ಸಾಲಿನಿಂದ ಕೊನೆಯ ಪುಟದ ಮುದ್ರಕರ ಹೆಸರಿನವರೆಗೆ ಓದುತ್ತೇನೆ. ಇದನ್ನು ಕಂಡು ಮನೆಯವರು ನಗುವುದುಂಟು. ಆದರೆ ಎಲ್ಲಕ್ಕಿಂತ ಮೊದಲು ನಾನು ಹುಡುಕುವುದು ಒಂದು ಸಣ್ಣ ಜಾಗವನ್ನು. ಅದು ಪ್ರತಿದಿನ ಇರುವುದಿಲ್ಲ. ಇದ್ದರೂ ಮೂರು ನಾಲ್ಕು ಸಾಲುಗಳನ್ನು ಮೀರುವುದಿಲ್ಲ. 'ತಿದ್ದುಪಡಿ' ಎಂಬುದು ಅದರ ತಲೆಬರಹ. ಪತ್ರಿಕೆಯು ನಿನ್ನೆ ಮಾಡಿದ ತಪ್ಪನ್ನು ಇಂದು ತಾನಾಗಿಯೇ ಒಪ್ಪಿಕೊಳ್ಳುವ ಜಾಗವದು. ಈ ಅಭ್ಯಾಸ ನನಗೆ ಹೇಗೆ ಬಂದಿತೆಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರಲ್ಲಿ ನಾನು ಹೆಮ್ಮೆಪಡುವಂಥದು ಹೆಚ್ಚೇನೂ ಇಲ್ಲ.

1988ರ ಮಾತು. ಆಗ ನಾನು ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಎಂ.ಎ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಮಕ್ಕಳಲ್ಲಿ ಬರೆಯುವ ಹವ್ಯಾಸ ಬೆಳೆಸಬೇಕೆಂಬ ಉತ್ಸಾಹದಿಂದ ಒಂದು ಗೋಡೆಪತ್ರಿಕೆಯನ್ನು ಆರಂಭಿಸಿದ್ದೆ. ಹದಿನೈದು ದಿನಕ್ಕೊಮ್ಮೆ ಎರಡು ದೊಡ್ಡ ಹಾಳೆಗಳಲ್ಲಿ ಕತೆ, ಕವಿತೆ, ಒಗಟು, ಶಾಲೆಯ ಸುದ್ದಿಗಳನ್ನು ಬರೆದು ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದ ಗೋಡೆಗೆ ತೂಗುಹಾಕುತ್ತಿದ್ದೆವು. ಒಂಬತ್ತನೆಯ ತರಗತಿಯ ಮೂವರು ಹುಡುಗರು ಸಂಪಾದಕರು. ಅದೇ ತರಗತಿಯ ಒಬ್ಬ ಹುಡುಗಿ ಲಿಪಿಕಾರಳು. ಅವಳ ಅಕ್ಷರ ಮುತ್ತು ಪೋಣಿಸಿದಂತಿತ್ತು.

ಕತೆ ಕವಿತೆಗಳನ್ನು ಓದಲು ಹೆಚ್ಚು ಮಂದಿ ನಿಲ್ಲುತ್ತಿರಲಿಲ್ಲ. ಇದು ನಮ್ಮ ಕಿರಿಯ ಸಂಪಾದಕರಿಗೆ ಬೇಸರದ ವಿಷಯವಾಗಿತ್ತು. ಒಮ್ಮೆ ಅವರು ಒಂದು 'ಬಿಸಿಬಿಸಿ ಸುದ್ದಿ'ಯನ್ನು ತಂದರು. ವಿದ್ಯಾರ್ಥಿನಿಲಯದ ಅಡುಗೆಯವರು ಶನಿವಾರ ಸಂಜೆ ಒಂದು ಅಕ್ಕಿಯ ಚೀಲವನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಹಿತ್ತಿಲ ಬಾಗಿಲಿನಿಂದ ಹೋದುದನ್ನು ಒಬ್ಬ ಹುಡುಗ ಕಂಡಿದ್ದನು. 'ಮಕ್ಕಳ ಅಕ್ಕಿ ಹಿತ್ತಿಲ ಬಾಗಿಲಲ್ಲಿ ಮಾಯ!' ಎಂದು ಶೀರ್ಷಿಕೆ ಕೊಟ್ಟು, ಊಟದಲ್ಲಿ ಅನ್ನ ಕಡಿಮೆಯಾಗುತ್ತಿರುವುದರ ಗುಟ್ಟು ಈಗ ಬಯಲಾಯಿತೆಂದು ಬರೆದಿದ್ದರು. ನಾನು ಅದನ್ನು ಓದಿದೆ. ಒಂದು ಒತ್ತಕ್ಷರ ತಪ್ಪಿತ್ತು, ಒಂದು ಮಹಾಪ್ರಾಣ ಬಿಟ್ಟುಹೋಗಿತ್ತು. ಎರಡನ್ನೂ ತಿದ್ದಿ, 'ಶೀರ್ಷಿಕೆ ಚುರುಕಾಗಿದೆ' ಎಂದು ಬೆನ್ನು ತಟ್ಟಿ ಒಪ್ಪಿಗೆ ಕೊಟ್ಟೆ. ಅಕ್ಷರದ ತಪ್ಪು ನನ್ನ ಕಣ್ಣಿಗೆ ಬಿದ್ದಿತು. ಸಂಗತಿಯ ತಪ್ಪು ಬೀಳಲಿಲ್ಲ.

ಅಂದು ಗೋಡೆಯ ಮುಂದೆ ಜಾತ್ರೆ ಸೇರಿತು. ಸಂಜೆಯ ವೇಳೆಗೆ ಸುದ್ದಿ ಸಂತೆಬೀದಿಯನ್ನು ಮುಟ್ಟಿತು. ಮರುದಿನ ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ಕೈಯಲ್ಲಿ ಒಂದು ರಸೀದಿ ಹಿಡಿದು ಬಂದರು. ಆ ಚೀಲದಲ್ಲಿದ್ದುದು ಹುಳು ಬಿದ್ದ ಅಕ್ಕಿ. ಅದನ್ನು ಸೊಸೈಟಿಗೆ ಹಿಂದಿರುಗಿಸಿ ಬದಲಿ ಅಕ್ಕಿ ತರುವಂತೆ ಅವರೇ ಹೇಳಿ ಕಳುಹಿಸಿದ್ದರು. ಹಿತ್ತಿಲ ಬಾಗಿಲಿನಿಂದ ಹೋದುದಕ್ಕೂ ಕಾರಣ ಸರಳವಾಗಿತ್ತು: ಸೊಸೈಟಿಗೆ ಅದೇ ಹತ್ತಿರದ ದಾರಿ.

ಮುಖ್ಯೋಪಾಧ್ಯಾಯರು ಪತ್ರಿಕೆಯನ್ನು ಗೋಡೆಯಿಂದ ಇಳಿಸಲು ಹೇಳಿದರು. ಇಳಿಸಿದೆವು. ಹಾಳೆಯನ್ನು ಮಡಿಸಿ ಬೀರುವಿನಲ್ಲಿಟ್ಟು, ಅಲ್ಲಿಗೆ ವಿಷಯ ಮುಗಿಯಿತೆಂದು ತಿಳಿದೆವು. ಆದರೆ ಅಡುಗೆಯವರು ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರು. ಅವರ ಮಗಳು ನಮ್ಮ ಶಾಲೆಯಲ್ಲಿಯೇ ಎಂಟನೆಯ ತರಗತಿಯಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನದಿನವೂ ಗೈರುಹಾಜರಿಯ ಗುರುತು ಬೀಳತೊಡಗಿತು.

ಇದೇ ಸಮಯದಲ್ಲಿ ಬೆಂಗಳೂರಿನ ಒಂದು ದಿನಪತ್ರಿಕೆಯಿಂದ ಶಾಲೆಗೆ ಆಹ್ವಾನ ಬಂದಿತು. ಶಾಲಾಪತ್ರಿಕೆಗಳನ್ನು ನಡೆಸುವ ಮಕ್ಕಳಿಗೆ ಪತ್ರಿಕಾಲಯವನ್ನು ತೋರಿಸಿ, ಪತ್ರಿಕೆಯ ಧ್ಯೇಯೋದ್ದೇಶಗಳನ್ನು ತಿಳಿಸುವ ಒಂದು ದಿನದ ಕಾರ್ಯಕ್ರಮವದು. ನಾಲ್ವರು ಮಕ್ಕಳನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಹುಡುಗರು ಹರಟುತ್ತಿದ್ದರು. ಲಿಪಿಕಾರಳು ಮಾತ್ರ ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕುಳಿತಿದ್ದಳು. ಆ ಮಾತುಗಳನ್ನು ಬರೆದ ಕೈ ಅವಳದಲ್ಲವೆ?

ಪತ್ರಿಕಾಲಯದ ಸಭಾಂಗಣದಲ್ಲಿ ಬೇರೆ ಬೇರೆ ಶಾಲೆಗಳಿಂದ ಬಂದ ಮೂವತ್ತು ನಲವತ್ತು ಮಕ್ಕಳಿದ್ದರು. ಎದುರಿನ ಗೋಡೆಯ ಮೇಲೆ ಸತ್ಯ, ನಿರ್ಭೀತಿ, ಲೋಕಸೇವೆ ಎಂಬ ಪದಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಮೊದಲು ಮಾತನಾಡಿದವರು ವ್ಯವಸ್ಥಾಪಕರು. ಪತ್ರಿಕೆ ಪ್ರಜಾಪ್ರಭುತ್ವದ ನಾಲ್ಕನೆಯ ಆಧಾರಸ್ತಂಭವೆಂದರು. ಕಾಗದದ ಬೆಲೆ, ಯಂತ್ರಗಳ ಬೆಲೆ, ಪತ್ರಿಕೆಯನ್ನು ಹೊತ್ತು ರಾತ್ರಿಯೆಲ್ಲ ಓಡುವ ವಾಹನಗಳ ಖರ್ಚುಗಳನ್ನು ವಿವರಿಸಿದರು. ಓದುಗರು ಕೊಡುವ ಹಣದಿಂದ ಅಷ್ಟೂ ಖರ್ಚು ತೂಗುವುದಿಲ್ಲವೆಂದೂ ಜಾಹೀರಾತುಗಳಿಲ್ಲದಿದ್ದರೆ ಪತ್ರಿಕೆ ನಿಲ್ಲುವುದೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ನಮ್ಮ ಸಂಪಾದಕರಲ್ಲೊಬ್ಬನು 'ನಿರ್ಭೀತಿ' ಎಂಬ ಪದವನ್ನು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದನು.

ಆಮೇಲೆ ಸುದ್ದಿ ಸಂಪಾದಕರು ಬಂದರು. ಅರವತ್ತರ ಹತ್ತಿರದ ವಯಸ್ಸು. ಬೆರಳಿಗೆ ಮಸಿ ಮೆತ್ತಿತ್ತು. ಅವರು ವೇದಿಕೆಯನ್ನು ಹತ್ತಲಿಲ್ಲ. "ಬನ್ನಿ ಮಕ್ಕಳೇ, ಧ್ಯೇಯ ಇರುವ ಜಾಗವನ್ನು ತೋರಿಸುತ್ತೇನೆ" ಎಂದು ನಮ್ಮನ್ನು ಒಳಗೆ ಕರೆದೊಯ್ದರು. ಟೆಲಿಪ್ರಿಂಟರುಗಳು ಕಟಕಟನೆ ಬಡಿಯುತ್ತ ಕಾಗದದ ಸುರುಳಿಯನ್ನು ಹೊರಚೆಲ್ಲುತ್ತಿದ್ದವು. ಉದ್ದನೆಯ ಮೇಜಿನ ಸುತ್ತ ಉಪಸಂಪಾದಕರು ಕುಳಿತು ವರದಿಗಳನ್ನು ತಿದ್ದುತ್ತಿದ್ದರು. ಅವರು ಮೇಜಿನಿಂದ ಒಂದು ಹಾಳೆಯನ್ನು ಎತ್ತಿ ನಮ್ಮ ಮುಂದೆ ಹಿಡಿದರು. ಯಾವುದೋ ಊರಿನ ಒಬ್ಬ ಗುಮಾಸ್ತರು ಹಣ ದುರುಪಯೋಗ ಮಾಡಿದರೆಂಬ ಆಪಾದನೆಯ ವರದಿಯದು. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದ್ದರು. ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಮೂರೇ ಪದಗಳಿದ್ದವು: 'ಅವರ ಮಾತು ಎಲ್ಲಿ?'

"ಈ ವರದಿ ಇಂದು ಅಚ್ಚಾಗುವುದಿಲ್ಲ" ಎಂದರು ಅವರು. "ಆಪಾದನೆ ಮಾಡಿದವರ ಮಾತು ಇದೆ, ಆಪಾದನೆಗೆ ಒಳಗಾದವರ ಮಾತು ಇಲ್ಲ. ನಮ್ಮ ವರದಿಗಾರರು ಅವರ ಮನೆಗೆ ಹೋಗಿ ಕೇಳಬೇಕು. ನಾಳೆ ಬೇರೆ ಪತ್ರಿಕೆಯಲ್ಲಿ ಇದೇ ಸುದ್ದಿ ನಮಗಿಂತ ಮೊದಲು ಬರಬಹುದು. ಬರಲಿ. ಗೋಡೆಯ ಮೇಲೆ ಸತ್ಯವೆಂದು ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು. ಈ ಮೂರು ಪದ ಬರೆಯುವುದಕ್ಕೆ ಒಂದು ದಿನದ ಸುದ್ದಿಯನ್ನು ಬಿಟ್ಟುಕೊಡಬೇಕಾಗುತ್ತದೆ."

ನಾನು ತಲೆ ತಗ್ಗಿಸಿದೆ. ನನ್ನ ಪಕ್ಕದಲ್ಲಿದ್ದ ಹುಡುಗಿಯೂ ತಲೆ ತಗ್ಗಿಸಿದ್ದಳು.

ಮಧ್ಯಾಹ್ನ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಅವರು ಪತ್ರಿಕೆಗಳ ಹಳೆಯ ಕತೆಗಳನ್ನು ಹೇಳಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ನಾಲ್ಕು ಪುಟಗಳ ಪಾಕ್ಷಿಕದಲ್ಲಿಯೂ ಊರಿನ ವರ್ತಮಾನಕ್ಕೆ, ಸರ್ಕಾರದ ನಿರೂಪಗಳಿಗೆ, ಕತೆಗಳಿಗೆ ಬೇರೆಬೇರೆ ತಲೆಬರಹಗಳಿದ್ದವು. "ಯಾವುದು ನಡೆದದ್ದು, ಯಾವುದು ಕತೆ ಎಂಬುದು ಓದುಗರಿಗೆ ಗೊತ್ತಾಗಬೇಕು. ನಮ್ಮ ಹಿರಿಯರು ಮೊದಲ ದಿನದಿಂದಲೇ ಇದನ್ನು ಬಲ್ಲವರು" ಎಂದರು.

ಅನಂತರ ಅವರು ನಮ್ಮನ್ನು ಕಡಲಾಚೆಗೆ ಕರೆದೊಯ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿಬಟ್ಟೆಯ ಗಿರಣಿಗಳ ನಗರ. 1819ರ ಆಗಸ್ಟ್ 16ರಂದು ಅಲ್ಲಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿ ಮತದಾನದ ಹಕ್ಕಿಗಾಗಿ ಶಾಂತವಾಗಿ ಸಭೆ ನಡೆಸುತ್ತಿದ್ದರು. ಅಧಿಕಾರಿಗಳ ಅಪ್ಪಣೆಯಂತೆ ಕುದುರೆ ಸವಾರರು ಕತ್ತಿ ಹಿರಿದು ಜನರ ಮೇಲೆ ನುಗ್ಗಿದರು. ಹತ್ತಕ್ಕಿಂತ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನೂರಾರು ಮಂದಿ ಗಾಯಗೊಂಡರು. ಲಂಡನ್ನಿನಿಂದ ಬಂದಿದ್ದ ವರದಿಗಾರನನ್ನು ಅಲ್ಲಿಯೇ ಬಂಧಿಸಿದರು. ಹೀಗಾಗಿ ರಾಜಧಾನಿಗೆ ಅಧಿಕಾರಿಗಳ ಮಾತಷ್ಟೇ ತಲುಪುವ ಸಂಭವವಿತ್ತು. ಆಗ ಜಾನ್ ಎಡ್ವರ್ಡ್ ಟೇಲರ್ ಎಂಬ ಹತ್ತಿ ವ್ಯಾಪಾರಿಯೂ ಅವನ ಸ್ನೇಹಿತನೊಬ್ಬನೂ ನಡೆದುದನ್ನು ಬರೆದು ಲಂಡನ್ನಿನ ಪತ್ರಿಕೆಗಳಿಗೆ ಕಳುಹಿಸಿದರು. ಜನರ ಕಡೆಯ ಮಾತೂ ಲೋಕಕ್ಕೆ ತಿಳಿಯಿತು. ಇದಾದ ಎರಡು ವರ್ಷಗಳಿಗೆ, 1821ರ ಮೇ 5ರಂದು, ಟೇಲರ್ 'ಮ್ಯಾಂಚೆಸ್ಟರ್ ಗಾರ್ಡಿಯನ್' ಎಂಬ ವಾರಪತ್ರಿಕೆಯನ್ನು ಆರಂಭಿಸಿದನು.

ಆ ಪತ್ರಿಕೆ ಮುಂದೆ ದಿನಪತ್ರಿಕೆಯಾಯಿತು. 1872ರಲ್ಲಿ ಸಿ.ಪಿ. ಸ್ಕಾಟ್ ಎಂಬ ಇಪ್ಪತ್ತೈದು ವರ್ಷದ ಯುವಕ ಅದರ ಸಂಪಾದಕನಾದನು. 57 ವರ್ಷ ಆ ಕುರ್ಚಿಯಲ್ಲಿದ್ದನು. ಪತ್ರಿಕೆಗೆ ನೂರು ವರ್ಷ ತುಂಬಿದ 1921ರಲ್ಲಿ ಸ್ಕಾಟ್ ಒಂದು ಲೇಖನ ಬರೆದು ಪತ್ರಿಕೆಯ ಧರ್ಮವೇನೆಂಬುದನ್ನು ವಿವರಿಸಿದನು. ನಮ್ಮ ಸುದ್ದಿ ಸಂಪಾದಕರು ಅದರ ತಿರುಳನ್ನು ಹೀಗೆ ಹೇಳಿದರು: "ಪತ್ರಿಕೆಗೆ ಎರಡು ಮುಖ. ಒಂದು ವ್ಯಾಪಾರದ್ದು, ಬದುಕಬೇಕಾದರೆ ಅದು ಬೇಕು. ಬೆಳಿಗ್ಗೆ ನಮ್ಮ ವ್ಯವಸ್ಥಾಪಕರು ಹೇಳಿದ್ದು ಅದನ್ನೇ; ಅದು ಸುಳ್ಳಲ್ಲ. ಇನ್ನೊಂದು ಲೋಕದ ಮನಸ್ಸನ್ನು ರೂಪಿಸುವ ಸಂಸ್ಥೆಯ ಮುಖ. ಅಭಿಪ್ರಾಯ ಹೇಳುವುದಕ್ಕೆ ಯಾರಿಗಾದರೂ ಸ್ವಾತಂತ್ರ್ಯವುಂಟು. ನಡೆದ ಸಂಗತಿಯನ್ನು ಮಾತ್ರ ದೇವರ ಮುಡಿಪಿನಂತೆ ಕಾಪಾಡಬೇಕು. ನಮ್ಮವರ ಮಾತಿಗೆ ಎಷ್ಟು ಜಾಗವೋ ನಮಗೆ ಆಗದವರ ಮಾತಿಗೂ ಅಷ್ಟು ಜಾಗವಿರಬೇಕು."

"ಹೀಗೆ ಹೇಳಿದ್ದಕ್ಕೆ ಅವರಿಗೆ ನಷ್ಟವಾಗಲಿಲ್ಲವೆ, ಸಾರ್?" ಎಂದು ಬೇರೆ ಶಾಲೆಯ ಒಬ್ಬ ಹುಡುಗ ಕೇಳಿದನು.

"ಆಯಿತಪ್ಪ. ದಕ್ಷಿಣ ಆಫ್ರಿಕದಲ್ಲಿ 1899ರಿಂದ 1902ರವರೆಗೆ ಬ್ರಿಟಿಷರು ಬೋಯರರ ಮೇಲೆ ಯುದ್ಧ ಮಾಡಿದರು. ದೇಶವೆಲ್ಲ ಯುದ್ಧದ ಪರವಾಗಿದ್ದಾಗ ಈ ಪತ್ರಿಕೆ ಅದನ್ನು ವಿರೋಧಿಸಿತು. ಓದುಗರು ಬಿಟ್ಟುಹೋದರು, ಜಾಹೀರಾತುಗಳು ಬಿಟ್ಟುಹೋದವು. ಆದರೂ ಮಾತು ಬದಲಿಸಲಿಲ್ಲ. ಧ್ಯೇಯವೆಂದರೆ ಬೆಲೆ ಕೊಡದೆ ಸಿಗುವ ವಸ್ತುವಲ್ಲ."

ನಮ್ಮ ಕನ್ನಡ ನಾಡಿನಲ್ಲಿಯೂ ಡಿ.ವಿ.ಜಿ.ಯವರು ಪತ್ರಿಕೆಗಳನ್ನು ನಡೆಸಿ, ಆ ಅನುಭವದಿಂದ 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಬರೆದರೆಂದು ತಿಳಿಸಿ, ಸಂಪಾದಕರಾಗಬಯಸುವವರು ಅದನ್ನು ಓದಬೇಕೆಂದರು. ಬಳಿಕ "ಇನ್ನೇನಾದರೂ ಕೇಳುವುದಿದೆಯೆ?" ಎಂದರು.

ಬೆಳಗಿನಿಂದ ತುಟಿ ಬಿಚ್ಚದಿದ್ದ ನಮ್ಮ ಲಿಪಿಕಾರಳು ಎದ್ದು ನಿಂತಳು. "ತಪ್ಪು ಸುದ್ದಿಯನ್ನು ಆಗಲೇ ಬರೆದುಬಿಟ್ಟಿದ್ದರೆ ಏನು ಮಾಡಬೇಕು, ಸಾರ್?"

ಅವರು ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದರು. ಯಾವ ಸುದ್ದಿ, ಯಾರು ಬರೆದರು ಎಂದು ಕೇಳಲಿಲ್ಲ. "ತಪ್ಪು ಎಲ್ಲಿ ಅಚ್ಚಾಗಿತ್ತೋ ಅಲ್ಲಿಯೇ ತಿದ್ದುಪಡಿ ಅಚ್ಚಾಗಬೇಕು, ತಾಯಿ. ಅದೇ ಗಾತ್ರದ ಅಕ್ಷರದಲ್ಲಿ. ಅಳಿಸಿಹಾಕಿದರೆ ಸಾಲದು. ಓದಿದವರ ತಲೆಯೊಳಗಿನದನ್ನು ಅಳಿಸುವುದು ಹೇಗೆ? ಇನ್ನೂ ಒಂದು ಕೆಲಸವಿದೆ. ಮೊದಲು ಹೋಗಬೇಕಾಗಿದ್ದ ಮನೆಗೆ ಈಗಲಾದರೂ ಹೋಗಬೇಕು."

ಹಿಂದಿರುಗುವ ಬಸ್ಸಿನಲ್ಲಿ ಹುಡುಗರ ಹರಟೆ ನಿಂತಿತ್ತು.

ಮರುದಿನ ಸಂಜೆ ತಿದ್ದುಪಡಿಯನ್ನು ಬರೆಯಲು ಕುಳಿತೆವು. ಹುಡುಗರ ಮೊದಲ ಕರಡು ಹೀಗಿತ್ತು: 'ಕಳೆದ ಸಂಚಿಕೆಯ ಒಂದು ಸುದ್ದಿಯಲ್ಲಿ ಕಣ್ತಪ್ಪಿನಿಂದ ಕೆಲವು ದೋಷಗಳು ಉಂಟಾಗಿದ್ದು, ಅದಕ್ಕಾಗಿ ವಿಷಾದಿಸುತ್ತೇವೆ.' ವ್ಯಾಕರಣ ಶುದ್ಧವಾಗಿತ್ತು. ಆದರೆ ಲಿಪಿಕಾರಳು ಲೇಖನಿಯನ್ನು ಕೆಳಗಿಟ್ಟಳು. "ಇದನ್ನು ಓದಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಸಾರ್. ಯಾರ ವಿಷಯ ಎಂಬುದೂ ಇಲ್ಲ. ಕಣ್ತಪ್ಪೂ ಅಲ್ಲ ಇದು, ನಾವು ಕೇಳಲೇ ಇಲ್ಲ" ಎಂದಳು. ಅವಳ ಮಾತು ನಿಜವಾಗಿತ್ತು. ಕೊನೆಗೆ ನಾವು ಬರೆದುದು ಇಷ್ಟು: 'ವಿದ್ಯಾರ್ಥಿನಿಲಯದ ಅಡುಗೆಯವರು ಅಕ್ಕಿ ಕದ್ದರೆಂದು ಸೂಚಿಸಿ ನಾವು ಬರೆದುದು ಸುಳ್ಳು. ಅವರು ಹುಳು ಬಿದ್ದ ಅಕ್ಕಿಯನ್ನು ಬದಲಾಯಿಸಿ ತರಲು ಮೇಲ್ವಿಚಾರಕರ ಮಾತಿನಂತೆ ಸೊಸೈಟಿಗೆ ಹೋಗಿದ್ದರು. ಬರೆಯುವ ಮೊದಲು ನಾವು ಅವರನ್ನು ಕೇಳಲಿಲ್ಲ. ತಪ್ಪು ನಮ್ಮದು.' ಅದರ ಕೆಳಗೆ ಮೂವರು ಸಂಪಾದಕರು ಸಹಿ ಮಾಡಿದರು. ಅವರ ಕೆಳಗೆ ನಾನೂ ಸಹಿ ಹಾಕಿದೆ. ಒಪ್ಪಿಗೆ ಕೊಟ್ಟವನು ನಾನಲ್ಲವೆ?

ಗೋಡೆಗೆ ತೂಗುಹಾಕುವ ಮೊದಲು ಹಾಳೆಯನ್ನು ಸುತ್ತಿಕೊಂಡು ಐವರೂ ಅಡುಗೆಯವರ ಮನೆಗೆ ಹೋದೆವು. ಊರಾಚೆಯ ಕೆರೆಯ ಏರಿಯ ಕೆಳಗೆ ಒಂದು ಹೆಂಚಿನ ಮನೆ. ಅವರು ಜಗುಲಿಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಎದ್ದರು; ಆದರೆ 'ಬನ್ನಿ' ಎನ್ನಲಿಲ್ಲ. ನಾನು ಹೇಳಬೇಕಾದುದನ್ನು ತಡವರಿಸುತ್ತ ಹೇಳಿ, ಹಾಳೆಯನ್ನು ಬಿಚ್ಚಿ ಓದತೊಡಗಿದೆ. ಅವರು ಕೈ ಅಡ್ಡ ಹಿಡಿದು ತಡೆದರು.

"ನಂಗೆ ಓದೋಕೆ ಬರಲ್ಲ, ಮೇಷ್ಟ್ರೇ. ಮೊದಲು ಬರೆದದ್ದನ್ನೂ ನಾನು ಓದಲಿಲ್ಲ, ಊರೇ ಓದಿ ಹೇಳ್ತು. ಇದನ್ನ ನನ್ನ ಮಗಳು ಓದಲಿ."

ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಹೊರಗೆ ಬಂದಳು. ಹಾಳೆಯನ್ನು ಕೈಗೆ ತೆಗೆದುಕೊಂಡು ಗಟ್ಟಿಯಾಗಿ, ಒಂದೊಂದೇ ಪದವನ್ನು ಬಿಡಿಸಿ ಓದಿದಳು. 'ತಪ್ಪು ನಮ್ಮದು' ಎಂಬಲ್ಲಿಗೆ ಬಂದಾಗ ಒಮ್ಮೆ ನಿಲ್ಲಿಸಿ ತಂದೆಯ ಮುಖ ನೋಡಿದಳು. ಅವರು ಸ್ವಲ್ಪ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ ಒಳಕ್ಕೆ ತಿರುಗಿ, "ಮಕ್ಕಳು ಬಿಸಿಲಲ್ಲಿ ಬಂದವೆ, ನೀರು ಬೆಲ್ಲ ತಗೊಂಡು ಬಾ" ಎಂದು ಹೆಂಡತಿಗೆ ಕೂಗಿ ಹೇಳಿದರು.

ಅವರು ಮತ್ತೆ ಕೆಲಸಕ್ಕೆ ಬಂದರು. ಮಗಳೂ ಶಾಲೆಗೆ ಬಂದಳು. ಇಲ್ಲಿಗೇ ನಿಲ್ಲಿಸಿದರೆ ಕತೆ ಸುಖಾಂತವಾಗುತ್ತದೆ. ಆದರೆ ಸಂಗತಿಯನ್ನು ಸಂಗತಿಯಾಗಿಯೇ ಹೇಳಬೇಕೆಂದು ಕಲಿತವನು ನಾನು. ಮೊದಲ ಸುದ್ದಿಯನ್ನು ಓದಲು ಸೇರಿದ ಜಾತ್ರೆ ತಿದ್ದುಪಡಿಯನ್ನು ಓದಲು ಸೇರಲಿಲ್ಲ. ಸಂತೆಬೀದಿಗೆ ಅದು ತಲುಪಲೂ ಇಲ್ಲ. ಎರಡು ವರ್ಷಗಳ ಬಳಿಕವೂ ಅಂಗಡಿಯೊಂದರ ಮುಂದೆ ಯಾರೋ ಅವರನ್ನು ಕಂಡು ಅಕ್ಕಿಯ ಮಾತೆತ್ತಿ ನಕ್ಕುದನ್ನು ನಾನೇ ಕಿವಿಯಾರೆ ಕೇಳಿದೆ. ಅವರು ಕೇಳಿಸದವರಂತೆ ಮುಂದೆ ನಡೆದರು. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ತಿದ್ದುಪಡಿ ಗಾಯಕ್ಕೆ ಕಟ್ಟುವ ಬಟ್ಟೆ ಮಾತ್ರ; ಗಾಯವಾಗದಂತೆ ನೋಡಿಕೊಳ್ಳುವುದು ಆ ಕೆಂಪು ಪೆನ್ಸಿಲಿನ ಪ್ರಶ್ನೆ.

ಇಷ್ಟು ವರ್ಷಗಳ ನಂತರ ಇದನ್ನು ಬರೆಯಲು ಇನ್ನೊಂದು ಕಾರಣವುಂಟು. 2023ರ ಮಾರ್ಚ್ ತಿಂಗಳಲ್ಲಿ, ನಮ್ಮ ಸುದ್ದಿ ಸಂಪಾದಕರು ಅಂದು ಹೊಗಳಿದ್ದ ಅದೇ ಪತ್ರಿಕೆಯ ವಿಷಯವಾಗಿ ಒಂದು ಸುದ್ದಿಯನ್ನು ಓದಿದೆ. ಈಗ ಅದರ ಹೆಸರು 'ದಿ ಗಾರ್ಡಿಯನ್'. ಸ್ಕಾಟನ ಹೆಸರಿನ ಒಂದು ಟ್ರಸ್ಟು ಅದರ ಒಡೆತನವನ್ನು ಹೊಂದಿದೆ. ಆ ಟ್ರಸ್ಟು ತನ್ನ ಪತ್ರಿಕೆಯ ಮೂಲವನ್ನು ತಾನೇ ಶೋಧಿಸಲು ವಿದ್ವಾಂಸರನ್ನು ನೇಮಿಸಿತ್ತು. ಸ್ಥಾಪಕ ಟೇಲರನಿಗೂ ಅವನಿಗೆ ಹಣ ಒದಗಿಸಿದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿಗೂ ಗುಲಾಮಗಿರಿಯ ಜೊತೆ ಸಂಬಂಧವಿತ್ತೆಂದು, ಮುಖ್ಯವಾಗಿ ಹತ್ತಿಯ ಉದ್ಯಮದ ಮೂಲಕ, ತಿಳಿದುಬಂದಿತು. ಮೈದಾನದಲ್ಲಿ ಬಿದ್ದ ತನ್ನ ಊರಿನ ಜನರ ಮಾತನ್ನು ಲೋಕಕ್ಕೆ ಮುಟ್ಟಿಸಿದವನ ವ್ಯಾಪಾರದ ಹತ್ತಿಯನ್ನು ಕಡಲಾಚೆ ಗುಲಾಮರು ಬಿಡಿಸಿದ್ದರು. ಅವರ ಮಾತು ಎಲ್ಲಿ ಎಂದು ಅಂದು ಅವನು ಕೇಳಿರಲಿಲ್ಲ. ಟ್ರಸ್ಟು ಈ ಸಂಗತಿಗಳನ್ನೆಲ್ಲ ತನ್ನ ಪತ್ರಿಕೆಯಲ್ಲಿಯೇ ಪ್ರಕಟಿಸಿ, ಕ್ಷಮೆ ಯಾಚಿಸಿತು.

ಇದನ್ನು ಓದಿದಾಗ ಮೊದಲು ನನಗೆ ನಿರಾಶೆಯಾಯಿತು. ಇಷ್ಟು ದಿನ ಆದರ್ಶವೆಂದು ನಂಬಿದ್ದ ವಿಗ್ರಹಕ್ಕೆ ಬಿರುಕು ಬಿದ್ದಂತಾಯಿತು. ಆದರೆ ಯೋಚಿಸುತ್ತ ಹೋದಂತೆ ಬೇರೊಂದು ಭಾವನೆ ಮೂಡಿತು. ಇನ್ನೂರು ವರ್ಷಗಳ ಹಿಂದಿನ ಕಡತಗಳನ್ನು ತೆರೆಯೆಂದು ಅವರನ್ನು ಒತ್ತಾಯಿಸುವ ನ್ಯಾಯಾಲಯವಿರಲಿಲ್ಲ. ಹಾಳೆಯನ್ನು ಮಡಿಸಿ ಬೀರುವಿನಲ್ಲಿಟ್ಟು ಸುಮ್ಮನಿರಬಹುದಾಗಿತ್ತು, ನಾವು ಒಮ್ಮೆ ಇದ್ದಂತೆ. ತಡವಾಗಿಯಾದರೂ ಹೋಗಬೇಕಾಗಿದ್ದ ಮನೆಯ ಕಡೆಗೆ ಅವರು ಹೆಜ್ಜೆ ಇಟ್ಟರು. ತಡವಾದುದರಿಂದ ಆದ ನಷ್ಟ ತುಂಬಿತೆಂದು ನಾನು ಹೇಳಲಾರೆ. ಆದರೂ ಅಂದು ಸ್ಕಾಟ್ ಬರೆದುದಕ್ಕೆ ಇದೂ ಒಂದು ಟಿಪ್ಪಣಿಯೆಂದು ನನಗೆ ತೋರಿತು.

ವಿದ್ಯಾರ್ಥಿಮಿತ್ರರೇ, ನನ್ನ ಕಾಲದಲ್ಲಿ ಸಂಪಾದಕರಾಗಲು ಒಂದು ಗೋಡೆಯಾದರೂ ಬೇಕಾಗಿತ್ತು. ಇಂದು ಅದೂ ಬೇಕಾಗಿಲ್ಲ. ಅಂಗೈಯಲ್ಲಿ ಒಂದು ಮೊಬೈಲ್ ಫೋನು ಇದ್ದರೆ ಸಾಕು. ನಿಮ್ಮಲ್ಲಿ ಪ್ರತಿಯೊಬ್ಬರೂ ಸಂಪಾದಕರೇ. ಯಾರ ವಿಷಯವಾಗಿಯೋ ಬಂದ ಒಂದು ಮಾತನ್ನು ಕ್ಷಣಾರ್ಧದಲ್ಲಿ ನೂರು ಮಂದಿಗೆ ದಾಟಿಸಬಲ್ಲಿರಿ. ಅದನ್ನು ತಡೆದು ನೋಡಲು ನಿಮ್ಮ ಪಕ್ಕದಲ್ಲಿ ಮಸಿ ಮೆತ್ತಿದ ಬೆರಳಿನ ಹಿರಿಯರು ಯಾರೂ ಕುಳಿತಿರುವುದಿಲ್ಲ. ಆ ಕೆಂಪು ಪೆನ್ಸಿಲನ್ನು ನೀವೇ ಹಿಡಿಯಬೇಕು.

ನಮ್ಮ ಲಿಪಿಕಾರಳು ಈಗ ಒಂದು ಪ್ರೌಢಶಾಲೆಯಲ್ಲಿ ಅಧ್ಯಾಪಕಿ. ಕೆಲವು ದಿನಗಳ ಹಿಂದೆ ಬಂದಿದ್ದಳು. ಅವಳ ಶಾಲೆಯಲ್ಲಿಯೂ ಒಂದು ಗೋಡೆಪತ್ರಿಕೆ ಇದೆಯಂತೆ. "ಮಕ್ಕಳು ಬರೆದು ತಂದದ್ದರಲ್ಲಿ ಮೊದಲು ಏನನ್ನು ನೋಡುತ್ತೀಯಮ್ಮ?" ಎಂದು ಕೇಳಿದೆ.

"ಒತ್ತಕ್ಷರವನ್ನಂತೂ ಅಲ್ಲ, ಸಾರ್" ಎಂದು ಅವಳು ನಕ್ಕಳು.